ತೋತಾಪುರಿ ಹೋಳು ಬಾಟ್ಲಿಯಲ್ಲಿ ವರ್ಷ ನಿಲ್ಲಬೇಕಾದರೆ: ಕೋಲಾರದ ಎತ್ತರಕ್ಕೆ ಹೊಂದುವ ಸಮಗ್ರ ಮಾರ್ಗದರ್ಶಿ

ಮಾವಿನ ಹೋಳನ್ನು ಸಕ್ಕರೆ ನೀರಲ್ಲಿ ಹಾಕಿ ಬಾಟ್ಲಿಗೆ ತುಂಬಿಟ್ಟವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲ ಕೆಲವು ವಾರ ಚೆನ್ನಾಗಿತ್ತು, ಆಮೇಲೆ ಮುಚ್ಚಳ ಉಬ್ಬಿತು. ಇಲ್ಲವೇ ಮುಚ್ಚಳ ತಿರುಗಿಸಿದ ಕೂಡಲೇ ಬುಸ್ ಅಂತ ನೊರೆ ಬಂತು. ಏನು ತಪ್ಪಾಯಿತು ಅಂತ ಕೇಳಿದರೆ, "ಸಕ್ಕರೆ ಕಡಿಮೆ ಆಯ್ತೇನೋ, ಮುಂದಿನ ಸಲ ಜಾಸ್ತಿ ಹಾಕ್ತೀನಿ" ಅಂತಾರೆ.

ಸಕ್ಕರೆಗೂ ಇದಕ್ಕೂ ಸಂಬಂಧ ಇಲ್ಲ. ಜಾಮ್‌ನಲ್ಲಿ ನೂರಕ್ಕೆ 65 ಪಾಲಿಗೂ ಮೇಲೆ ಸಕ್ಕರೆ ಸೇರಿರುತ್ತದೆ, ಅಲ್ಲಿ ಸಕ್ಕರೆಯೇ ಕಾವಲು. ಹೋಳಿನ ಬಾಟ್ಲಿಯಲ್ಲಿ ಇರುವುದು ಅದರ ಅರ್ಧದಷ್ಟೂ ಇಲ್ಲ. ಇಲ್ಲಿ ಸಕ್ಕರೆ ಕೆಲಸ ಬಣ್ಣ, ರುಚಿ, ಹೋಳಿನ ಗಟ್ಟಿತನ, ಅಷ್ಟೇ. ಬಾಟ್ಲಿಯನ್ನು ಕಾಯುವುದು ಮೂರು: ಹುಳಿ, ಕುದಿ, ಮುಚ್ಚಳ. ಇದೇ ಕ್ರಮದಲ್ಲಿ. ಒಂದು ತಪ್ಪಿದರೂ ಉಳಿದೆರಡು ಕೈಹಿಡಿಯುವುದಿಲ್ಲ.

ಶುರು ಮಾಡುವ ಮೊದಲು: ಹುಳಿ ಏಕೆ, ಎತ್ತರ ಏಕೆ

ಈ ಭಾಗ ಬಿಟ್ಟು ನೇರ ಹಂತಗಳಿಗೆ ಹೋಗಬೇಡಿ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಕುದಿಯುವ ನೀರಿಗೆ ಯೀಸ್ಟ್, ಬೂಷ್ಟು, ಸಾಮಾನ್ಯ ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ. ಆದರೆ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯುವುದಿಲ್ಲ. ಅವನ್ನು ಕೊಲ್ಲಲು ಒತ್ತಡದಲ್ಲಿ 121 ಡಿಗ್ರಿ ತನಕ ಕಾಯಿಸಬೇಕು. ಗಾಳಿಯಾಡದ, ಹುಳಿ ಕಡಿಮೆ ಇರುವ ಬಾಟ್ಲಿ ಅವಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಬೆಳೆದು ವಿಷ ಬಿಡುತ್ತವೆ. ಆ ವಿಷಕ್ಕೆ ಕೆಟ್ಟ ವಾಸನೆ, ಕೆಟ್ಟ ಬಣ್ಣ ಇರಲೇಬೇಕು ಅಂತ ಇಲ್ಲ. ನೋಡೋಕೆ ಬಾಟ್ಲಿ ಚೆನ್ನಾಗಿಯೇ ಇರಬಹುದು.

ಇದಕ್ಕೆ ಮನೆಯಲ್ಲಿ ನಾವು ಹಾಕಬಹುದಾದ ತಡೆ ಹುಳಿ. ಹುಳಿಯ ಅಳತೆ ಪಿಎಚ್. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬೀಜಕಣಗಳು ಮೊಳೆಯುವುದಿಲ್ಲ. ಮಾವಿನ ತೊಂದರೆ ಏನೆಂದರೆ, ಹಣ್ಣಾಗುತ್ತಾ ಹೋದಂತೆ ಅದರ ಹುಳಿ ಇಳಿಯುತ್ತದೆ. ಕಾಯಿ ಬಾಯಿಗಿಟ್ಟರೆ ಹಲ್ಲು ಚುಳ್ ಅನ್ನುತ್ತದೆ, ಪೂರ್ತಿ ಕಳಿತ ಹಣ್ಣಿನಲ್ಲಿ ಹುಳಿ ಹುಡುಕಬೇಕು. ತಳಿಯಿಂದ ತಳಿಗೂ ವ್ಯತ್ಯಾಸ ಇದೆ. ಆದ್ದರಿಂದ ಎರಡು ನಿಯಮ. ಹಣ್ಣಲ್ಲ, ದೋರೆಗಾಯಿ ಬಳಸಬೇಕು. ಪ್ರತಿ ಬಾಟ್ಲಿಗೂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಹಾಕಬೇಕು.

ಇನ್ನು ಎತ್ತರ. ಕೋಲಾರ, ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ, ಚಿಕ್ಕಬಳ್ಳಾಪುರ 900ರ ಆಸುಪಾಸು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಬೇಗ ಅಂದರೆ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಮಂಗಳೂರಲ್ಲಿ 100 ಡಿಗ್ರಿಗೆ ಕುದಿಯುವ ನೀರು ನಮ್ಮಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಮೇಲೆ ಏರುವುದಿಲ್ಲ. ಅನ್ನ, ಬೇಳೆಯನ್ನು ಕುಕ್ಕರ್‌ನಲ್ಲಿ ಬೇಯಿಸುವ ನಮಗೆ ಇದು ಗೊತ್ತೇ ಆಗುವುದಿಲ್ಲ. ಬಾಟ್ಲಿಯಲ್ಲಿ ಗೊತ್ತಾಗುತ್ತದೆ.

ಮಾವಿನ ದೋರೆಗಾಯಿ ಹೋಳಿಗೆ ಸಮುದ್ರಮಟ್ಟದ ಊರುಗಳಲ್ಲಿ 15 ನಿಮಿಷ ಕುದಿ ಸಾಕು. ಸುಮಾರು 300 ಮೀಟರ್ ದಾಟಿದ, 1800 ಮೀಟರ್ ಒಳಗಿನ ಊರಿಗೆಲ್ಲ 20 ನಿಮಿಷ ಬೇಕು. ಪಾವಗಡ, ಗೌರಿಬಿದನೂರು ಸ್ವಲ್ಪ ತಗ್ಗಿನಲ್ಲಿದ್ದರೂ ಲೆಕ್ಕ ಇದೇ. ಮೂರೂ ಜಿಲ್ಲೆಗೆ 20. ವಿಡಿಯೋ ನೋಡಿ 10 ನಿಮಿಷಕ್ಕೆ ಇಳಿಸಿದವರ ಬಾಟ್ಲಿ ಉಬ್ಬಿದ್ದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಬೇಕಾಗುವ ಸಾಮಾನು

ಇದು ಅರ್ಧ ಲೀಟರಿನ 5 ಬಾಟ್ಲಿಯ ಲೆಕ್ಕ. ಮೊದಲ ಸಲ ಇಷ್ಟೇ ಮಾಡಿ. ಶ್ರೀನಿವಾಸಪುರದ ಮಂಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಕ್ರೇಟ್ ತಂದುಕೊಂಡರೆ, ಮಧ್ಯರಾತ್ರಿ ತನಕ ಒಲೆ ಮುಂದೆ ನಿಂತು ಕೊನೆಯ ಬಾಟ್ಲಿಗಳನ್ನು ಹೇಗೋ ಮುಗಿಸುತ್ತೀರಿ. ಆ ಕೊನೆಯವೇ ಕೆಡುತ್ತವೆ.

- ತೋತಾಪುರಿ ದೋರೆಗಾಯಿ: 2½ ಕೆಜಿ. ಸಿಪ್ಪೆ, ಓಟೆ ಹೋಗಿ ಒಂದೂವರೆ ಕೆಜಿಯ ಹತ್ತಿರ ಹೋಳು ಸಿಗುತ್ತದೆ.
- ಸಕ್ಕರೆ 430 ಗ್ರಾಂ, ಫಿಲ್ಟರ್ ನೀರು 1 ಲೀಟರ್.
- ತಿನ್ನುವ ದರ್ಜೆಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಪಾತ್ರೆ ತಿಕ್ಕೋಕೆ ಮಾರುವ ಪ್ಯಾಕೆಟ್ ಬೇಡ.
- ಅರ್ಧ ಲೀಟರಿಗೆ ಮೀರದ ಗಾಜಿನ ಬಾಟ್ಲಿ 6. ಒಂದು ಜಾಸ್ತಿ ಇರಲಿ, ಒಂದಾದರೂ ಕೈಕೊಡುತ್ತದೆ.
- ಹೊಚ್ಚ ಹೊಸ ಮುಚ್ಚಳಗಳು.
- ಅಳತೆ ಚಮಚದ ಸೆಟ್. ಮನೆಯ ಟೀ ಚಮಚ ಒಂದೊಂದು ಒಂದೊಂದು ಅಳತೆ ಇರುತ್ತದೆ.
- ಎತ್ತರದ ದೊಡ್ಡ ಡಬರಿ, ಅದಕ್ಕೊಂದು ತಟ್ಟೆ.
- ತಳಕ್ಕೆ ಹಾಕಲು ತೂತಿನ ತಟ್ಟೆ. ಇಡ್ಲಿ ಪಾತ್ರೆಯದ್ದು ಸಾಕು. ಇಲ್ಲವಾದರೆ ದಪ್ಪ ಹತ್ತಿ ಬಟ್ಟೆ ಮಡಚಿ ಹಾಕಿ.

ಬಾಟ್ಲಿ ಹಳೆಯದಾದರೂ ನಡೆಯುತ್ತದೆ, ಮುಚ್ಚಳ ಮಾತ್ರ ಹಳೆಯದು ಆಗಲ್ಲ. ಮುಚ್ಚಳದ ಒಳಅಂಚಿನಲ್ಲಿ ರಬ್ಬರಿನಂಥ ಒಂದು ಉಂಗುರ ಇರುತ್ತದೆ. ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ. ಹೊಸದರಲ್ಲಿ ಅದು ನುಣ್ಣಗೆ ಇರುತ್ತದೆ. ಒಮ್ಮೆ ಬಳಸಿದ್ದರಲ್ಲಿ ಬಾಟ್ಲಿಯ ಬಾಯಿ ಒತ್ತಿದ ಗೆರೆ ಸುತ್ತಲೂ ಬಿದ್ದಿರುತ್ತದೆ. ಆ ಗೆರೆಯ ಮೇಲೆ ಇನ್ನೊಂದು ಬಾಟ್ಲಿಯ ಬಾಯಿ ಕರಾರುವಾಕ್ಕಾಗಿ ಕೂರಲ್ಲ. ಉಪ್ಪಿನಕಾಯಿ ವಾಸನೆ ಹಿಡಿದ ಮುಚ್ಚಳದ ಬಗ್ಗೆಯಂತೂ ಹೇಳುವುದೇ ಬೇಡ. ನಡುವೆ ಒತ್ತಿದರೆ ಟಿಕ್ ಅನ್ನುವ ಗುಂಡಿ ಇರುವ ಮುಚ್ಚಳ ಸಿಕ್ಕರೆ ಅದನ್ನೇ ಕೊಳ್ಳಿ. ಮುಂದೆ ಪರೀಕ್ಷೆ ಸುಲಭ.

ಡಬರಿಯ ಎತ್ತರ ಇವತ್ತೇ ನೋಡಿಬಿಡಿ. ತಳದಲ್ಲಿ ತಟ್ಟೆ, ಅದರ ಮೇಲೆ ಬಾಟ್ಲಿ, ಬಾಟ್ಲಿಯ ಮುಚ್ಚಳದ ಮೇಲೆ ಎರಡು ಬೆರಳಷ್ಟು ನೀರು, ಅದರ ಮೇಲೆ ಕುದಿದು ಉಕ್ಕಲು ಜಾಗ. ಇಷ್ಟು ಹಿಡಿಯದಿದ್ದರೆ ಬೇರೆ ಪಾತ್ರೆ ಹುಡುಕಿ.

ಬೇಡವಾದವು: ಪಿಂಗಾಣಿ ಭರಣಿ, ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಡಬ್ಬಿ, ಓವನ್. ಮನೆಯ ಕುಕ್ಕರಿಗೆ ವಿಷಲ್ ಹಾಕಿ ಬಾಟ್ಲಿ ಬೇಯಿಸುವುದೂ ಬೇಡ. ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ, ಒಳಗಿನ ಹೋಳಿಗೆ ಎಷ್ಟು ಬಿಸಿ ತಟ್ಟಿತು ಅಂತ ಲೆಕ್ಕ ಸಿಗಲ್ಲ. ಒತ್ತಡ ಸರ್ರನೆ ಇಳಿದರೆ ಬಾಟ್ಲಿಯೂ ಒಡೆಯಬಹುದು.

ಹಂತ 1: ಕಾಯಿ ಆರಿಸುವುದು

ನಮ್ಮಲ್ಲಿ ಮಾವಿಗೆ ಕೊರತೆ ಇಲ್ಲ. ಆದರೆ ಎಲ್ಲ ಮಾವೂ ಬಾಟ್ಲಿಗಲ್ಲ. ಹೋಳಿಗೆ ತೋತಾಪುರಿಯೇ ಸರಿ. ತಿರುಳು ಗಟ್ಟಿ, ನಾರು ಕಡಿಮೆ, ಕುದಿದರೂ ಆಕಾರ ಬಿಡುವುದಿಲ್ಲ. ಬೆಲೆಯೂ ಕೈಗೆಟಕುತ್ತದೆ. ಮಲ್ಲಿಕಾ ದೋರೆಗಾಯಿ ಆದರೂ ಪರವಾಗಿಲ್ಲ. ರಸಪುರಿ ಬೇಡವೇ ಬೇಡ. ಅದು ರಸಕ್ಕೆ ಹುಟ್ಟಿದ ಹಣ್ಣು, ಬಾಟ್ಲಿಯಲ್ಲಿ ಗಂಜಿಯಾಗುತ್ತದೆ. ಒಳ್ಳೆ ಬಾದಾಮಿಯನ್ನು ಬಾಟ್ಲಿಗೆ ಹಾಕುವುದು ನನಗಂತೂ ದಂಡ ಅನ್ನಿಸುತ್ತದೆ. ಸುಮ್ನೆ ತಿಂದುಬಿಡಿ.

ದೋರೆಗಾಯಿ ಅಂದರೆ ಹೊರಗೆ ಹಸಿರು ಇನ್ನೂ ಇದ್ದು, ಅಲ್ಲಲ್ಲಿ ಹಳದಿ ಇಣುಕುತ್ತಿರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಕುಸಿಯಬಾರದು. ಕುಯ್ದರೆ ತಿರುಳು ತಿಳಿಹಳದಿ, ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಸಿಹಿ. ಮೆತ್ತಗಾದದ್ದು, ಕಪ್ಪು ಚುಕ್ಕೆ ಬಿದ್ದದ್ದು, ಬಿದ್ದು ಪೆಟ್ಟಾದದ್ದು ಬೇರೆ ಇಡಿ. "ಕೊಳೆತ ಭಾಗ ಕುಯ್ದು ಹಾಕಿದ್ರಾಯ್ತು" ಅನ್ನುವ ಲೆಕ್ಕ ಚಟ್ನಿಗೆ ಸರಿ, ಬಾಟ್ಲಿಗಲ್ಲ.

ಹಂತ 2: ಸೊನೆ ಇಳಿಸಿ, ಸಿಪ್ಪೆ ತೆಗೆಯುವುದು

ತೊಟ್ಟು ಮುರಿದು, ಆ ಭಾಗ ಕೆಳಗೆ ಬರುವಂತೆ ಕಾಯಿಗಳನ್ನು ಸ್ವಲ್ಪ ಹೊತ್ತು ಬೋರಲಿಡಿ. ಸೊನೆ ಇಳಿದುಹೋಗುತ್ತದೆ. ಆಮೇಲೆ ಚೆನ್ನಾಗಿ ಉಜ್ಜಿ ತೊಳೆಯಿರಿ. ಸೊನೆ ಚರ್ಮಕ್ಕೆ ಆಗದವರು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಕೈಯಲ್ಲಿ ಮುಖ ಮುಟ್ಟಬೇಡಿ.

ಸಿಪ್ಪೆಯನ್ನು ಜಿಪುಣತನ ಮಾಡದೆ ತುಸು ದಪ್ಪಕ್ಕೇ ತೆಗೆಯಿರಿ, ಹಸಿರು ಪದರ ಉಳಿಯಬಾರದು. ಹೋಳು ಅರ್ಧ ಸೆಂಟಿಮೀಟರಿಗಿಂತ ಒಂಚೂರು ದಪ್ಪ ಇದ್ದರೆ ಸಾಕು. ಓಟೆಯ ಹತ್ತಿರದ ನಾರಿನ ಭಾಗ ಬಿಡಿ, ಅದನ್ನು ಮಕ್ಕಳು ಚೀಪಿಕೊಳ್ಳಲಿ. ಎಲ್ಲ ಹೋಳೂ ಒಂದೇ ದಪ್ಪ ಇರಬೇಕು. 20 ನಿಮಿಷದ ಲೆಕ್ಕ ತೆಳು ಹೋಳಿಗೆ ಹಾಕಿದ್ದು, ಕಾಲು ಭಾಗ ಮಾವನ್ನು ಹಾಗೇ ತುರುಕಿದರೆ ನಡುವಿಗೆ ಬಿಸಿ ಮುಟ್ಟಲ್ಲ.

ಹಂತ 3: ಬಾಟ್ಲಿ, ಡಬರಿ ಎರಡನ್ನೂ ಬಿಸಿ ಇಡುವುದು

ಬಾಟ್ಲಿಯ ಬಾಯಿಯ ಸುತ್ತ ಬೆರಳು ಆಡಿಸಿ. ಎಲ್ಲಾದರೂ ಚಿಕ್ಕ ಒಡಕು ತಾಗಿದರೆ ಅದನ್ನು ಬೇಳೆ ಹಾಕಲು ಇಟ್ಟುಕೊಳ್ಳಿ. ಉಳಿದವನ್ನು ಸೋಪಿನಲ್ಲಿ ತೊಳೆದು ಬಿಸಿನೀರಿನಲ್ಲಿ ಮುಳುಗಿಸಿಡಿ. ತುಂಬುವ ತನಕ ಬಿಸಿಯಾಗಿಯೇ ಇರಬೇಕು. ಬೇರೆಯಾಗಿ ಕುದಿಸಿ ಒಣಗಿಸುವ ಅಗತ್ಯ ಇಲ್ಲ, ಮುಂದೆ 20 ನಿಮಿಷ ಹೇಗಿದ್ದರೂ ಕುದಿಯುತ್ತವೆ.

ಡಬರಿಯಲ್ಲಿ ತೂತಿನ ತಟ್ಟೆ ಹಾಕಿ, ಅರ್ಧಕ್ಕಿಂತ ಜಾಸ್ತಿ ನೀರು ತುಂಬಿ, ಈಗಲೇ ಒಲೆ ಮೇಲಿಡಿ. ನೀರು ಹಬೆಯಾಡಬೇಕು, ಕುದಿಯಬಾರದು. ನಮ್ಮ ಬೋರ್‌ವೆಲ್ ನೀರು ಗಡಸು. ಬಾಟ್ಲಿ ಹೊರಗೆ ತೆಗೆದಾಗ ಗಾಜಿನ ಮೇಲೆ ಬಿಳೀ ಪುಡಿ ಕೂತಿರುತ್ತದೆ. ಡಬರಿಯ ನೀರಿಗೆ ಎರಡು ಮೂರು ಚಮಚ ವಿನೆಗರ್ ಹಾಕಿದರೆ ಅದು ಕಟ್ಟುವುದಿಲ್ಲ. ಆ ಪುಡಿಯಿಂದ ಹೋಳಿಗೆ ಏನೂ ತೊಂದರೆ ಇಲ್ಲ, ನೋಡೋಕೆ ಚೆಂದ ಇರಲ್ಲ ಅಷ್ಟೇ.

ಪಕ್ಕದ ಒಲೆಯಲ್ಲಿ ಇನ್ನೊಂದು ಪಾತ್ರೆ ನೀರು ಕುದಿಯುತ್ತಿರಲಿ. ಮುಂದೆ ಬೇಕಾಗುತ್ತದೆ. ಸಿಲಿಂಡರ್ ಎಷ್ಟಿದೆ ಅಂತಲೂ ಒಮ್ಮೆ ಅಲುಗಾಡಿಸಿ ನೋಡಿ. ಹನ್ನೆರಡನೇ ನಿಮಿಷಕ್ಕೆ ಗ್ಯಾಸ್ ಮುಗಿದರೆ ಅಷ್ಟೂ ದಂಡ.

ಹಂತ 4: ಸಕ್ಕರೆ ನೀರು, ಹೋಳು

1 ಲೀಟರ್ ನೀರಿಗೆ 430 ಗ್ರಾಂ ಸಕ್ಕರೆ ಕರಗಿಸಿ ಕುದಿಸಿ. ಇದು ಮಧ್ಯಮ ಸಿಹಿ. ಸಿಹಿ ಕಡಿಮೆ ಬೇಕಿದ್ದರೆ 250 ಗ್ರಾಂ ಸಾಕು, ಬಾಳಿಕೆಗೆ ವ್ಯತ್ಯಾಸ ಬರಲ್ಲ. ಎಳೆ ಪಾಕ ಮಾಡಬೇಡಿ. ಪಾಕ ಗಟ್ಟಿಯಾದರೆ ಹೋಳು ಸುರುಟಿ ಮೇಲಕ್ಕೆ ತೇಲುತ್ತದೆ.

ಕುದಿಯುವ ಸಕ್ಕರೆ ನೀರಿಗೆ ಹೋಳು ಹಾಕಿ. ಮತ್ತೆ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 2 ನಿಮಿಷ. ಹೋಳಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ, ಅಂಚು ಸ್ವಲ್ಪ ಪಾರದರ್ಶಕ ಆಗುತ್ತದೆ. ಅಲ್ಲಿಗೆ ಸಾಕು. ಇಲ್ಲೇ ಬೇಯಿಸಿಬಿಟ್ಟರೆ ಬಾಟ್ಲಿಯಲ್ಲಿ ಉಳಿಯುವುದು ಗೊಜ್ಜು.

ಹಸಿ ಹೋಳು ತುಂಬಿ ಮೇಲೆ ಸಕ್ಕರೆ ನೀರು ಹೊಯ್ಯುವವರೂ ಇದ್ದಾರೆ. ಅಂಥ ಬಾಟ್ಲಿಯಲ್ಲಿ ಹೋಳು ತೇಲುತ್ತದೆ, ಮೇಲಿನ ಸಾಲು ಕಂದಾಗುತ್ತದೆ, ಕಾಯುವ ಲೆಕ್ಕವೂ ಬೇರೆಯಾಗುತ್ತದೆ. ಬೇಡ.

ಹಂತ 5: ನಿಂಬೆ ಉಪ್ಪು

ಹೋಳು ತುಂಬುವ ಮೊದಲು, ಖಾಲಿ ಬಿಸಿ ಬಾಟ್ಲಿಯ ತಳಕ್ಕೇ ಹಾಕಿ. ಪ್ರತಿ ಬಾಟ್ಲಿಗೆ ಮಟ್ಟವಾಗಿ ಸವರಿದ ಕಾಲು ಟೀ ಚಮಚ. ಎಲ್ಲಕ್ಕೂ ಸೇರಿಸಿ ಪಾತ್ರೆಯ ಸಕ್ಕರೆ ನೀರಿಗೇ ಕದಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಒಂದು ಬಾಟ್ಲಿಗೆ ಸಕ್ಕರೆ ನೀರು ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ, ಪಾತ್ರೆಯಲ್ಲೂ ಉಳಿಯುತ್ತದೆ. ಬಾಟ್ಲಿಗೆ ಎಷ್ಟು ಹುಳಿ ಹೋಯಿತು ಅಂತ ಆಮೇಲೆ ಯಾರು ಹೇಳೋದು?

ಹಾಕಿದ ಬಾಟ್ಲಿ ಯಾವುದು, ಬಿಟ್ಟ ಬಾಟ್ಲಿ ಯಾವುದು ಅಂತ ಮಾತಾಡುತ್ತಾ ಮರೆಯುವುದು ಬಹಳ ಸುಲಭ. ಎಲ್ಲ ಬಾಟ್ಲಿಯನ್ನೂ ಸಾಲಾಗಿ ಇಟ್ಟು, ಒಂದೇ ಸಲ ಎಲ್ಲಕ್ಕೂ ಹಾಕಿ ಮುಗಿಸಿ. ಆಮೇಲೆಯೇ ಸೌಟು ಹಿಡಿಯಿರಿ.

ಮನೆಯ ನಿಂಬೆಹಣ್ಣು ಹಿಂಡುವುದು ಬೇಡ. ಒಂದೊಂದು ನಿಂಬೆಯ ಹುಳಿ ಒಂದೊಂದು ಥರ. ನಿಂಬೆ ಉಪ್ಪಿನ ಅಳತೆ ಯಾವತ್ತೂ ಒಂದೇ.

ಏಲಕ್ಕಿ, ಲವಂಗ ಒಂದೊಂದು ಹಾಕುವ ಆಸೆಯಿದ್ದರೆ ಹಾಕಿ. ಹಾಲು, ಕೆನೆ, ತೆಂಗಿನಕಾಯಿ ಹಾಲು, ತುಪ್ಪ ಏನೂ ಬೇಡ. ಅವು ಹುಳಿಯ ಲೆಕ್ಕ, ಕಾಯುವ ಲೆಕ್ಕ ಎರಡನ್ನೂ ಕೆಡಿಸುತ್ತವೆ. ಸೀಕರಣೆಯನ್ನೇ ಬಾಟ್ಲಿ ಕಟ್ಟೋಣ ಅನ್ನುವವರಿಗೆ ಉತ್ತರ ಇದರಲ್ಲೇ ಇದೆ.

ಹಂತ 6: ತುಂಬುವುದು

ಬಿಸಿ ಬಾಟ್ಲಿಗೆ ಬಿಸಿ ಹೋಳು, ಅದರ ಮೇಲೆ ಬಿಸಿ ಸಕ್ಕರೆ ನೀರು. ಇವುಗಳಲ್ಲಿ ಒಂದು ತಣ್ಣಗಿದ್ದರೂ ಬಾಟ್ಲಿಯ ತಳ ಚಟ್ ಅಂತ ಕಳಚಿಕೊಳ್ಳುತ್ತದೆ. ಗ್ರಾನೈಟ್ ಕಟ್ಟೆ ಮೇಲೆ ನೇರ ಇಡಬೇಡಿ, ಬಟ್ಟೆ ಹಾಸಿ.

ಹೋಳನ್ನು ತುರುಕಬೇಡಿ. ಸಕ್ಕರೆ ನೀರು ಹೋಳನ್ನು ಮುಚ್ಚಬೇಕು. ಬಾಯಿಯ ಅಂಚಿನಿಂದ ಅರ್ಧ ಇಂಚು ಖಾಲಿ ಬಿಡಿ. ಅಂಚಿನ ತನಕ ತುಂಬಿದರೆ ಕುದಿಯುವಾಗ ಸಕ್ಕರೆ ನೀರು ಮುಚ್ಚಳದ ಸಂದಿಯಿಂದ ಉಕ್ಕಿ, ಅಂಟು ಕೂತು ಮುಚ್ಚಳ ಹಿಡಿಯಲ್ಲ. ತೀರಾ ಕಡಿಮೆ ತುಂಬಿದರೆ ಒಳಗಿನ ಗಾಳಿ ಪೂರ್ತಿ ಹೊರಹೋಗಲ್ಲ.

ಈಗ ಐಸ್‌ಕ್ರೀಮ್ ಕಡ್ಡಿಯನ್ನು ಗಾಜಿನ ಒಳಮೈಗೆ ತಾಗಿಸಿ ಸುತ್ತಲೂ ಇಳಿಬಿಡಿ. ಹೋಳಿನ ನಡುವೆ ಅಡಗಿದ ಗುಳ್ಳೆಗಳು ಸಾಲುಗಟ್ಟಿ ಮೇಲೆ ಬರುವುದು ಕಾಣುತ್ತದೆ. ಚಾಕು ಬಳಸಬೇಡಿ, ಗಾಜಿಗೆ ಗೀರು ಬಿದ್ದರೆ ಬಿಸಿಯಲ್ಲಿ ಅಲ್ಲೇ ಬಿರುಕು ಬಿಡುತ್ತದೆ. ಗುಳ್ಳೆ ಹೋದ ಮೇಲೆ ಮಟ್ಟ ಇಳಿದಿದ್ದರೆ ಸಕ್ಕರೆ ನೀರು ಸೇರಿಸಿ.

ಹಂತ 7: ಅಂಚು ಒರೆಸಿ ಮುಚ್ಚುವುದು

ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಿಂದ ಬಾಯಿಯ ಅಂಚನ್ನು ಒರೆಸಿ. ಒಂದು ಎಳೆ ನಾರು ಕೂತಿದ್ದರೂ ಅದೇ ಗಾಳಿಗೆ ದಾರಿ. ಮುಚ್ಚಳವನ್ನು ತಾನಾಗಿ ನಿಲ್ಲುವ ತನಕ ತಿರುಗಿಸಿ, ಅಲ್ಲಿಗೆ ಬಿಡಿ. ಮೈಯೆಲ್ಲ ಬಲ ಹಾಕಿ ಬಿಗಿಯಬಾರದು. ಕುದಿಯುವಾಗ ಒಳಗಿನ ಗಾಳಿ ಮುಚ್ಚಳವನ್ನು ತುಸು ಎತ್ತಿ ಹೊರಗೆ ಹೋಗಬೇಕು. ಹೋಗದಿದ್ದರೆ ಮುಚ್ಚಳ ಸೊಟ್ಟಗಾಗುತ್ತದೆ.

ಹಂತ 8: ಕುದಿಸುವುದು

ಬಾಟ್ಲಿಗಳನ್ನು ನೆಟ್ಟಗೆ ಹಿಡಿದು ಡಬರಿಗೆ ಇಳಿಸಿ. ಒಂದಕ್ಕೊಂದು ತಾಗಬಾರದು, ಪಾತ್ರೆಯ ಬದಿಗೂ ತಾಗಬಾರದು. ಪಕ್ಕದ ಒಲೆಯ ಬಿಸಿನೀರನ್ನು ಬಾಟ್ಲಿಗಳ ನಡುವೆ ಹೊಯ್ದು, ಮುಚ್ಚಳದ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮಾಡಿ. ತಟ್ಟೆ ಮುಚ್ಚಿ, ಉರಿ ದೊಡ್ಡದು ಮಾಡಿ.

ಇನ್ನು ಗಡಿಯಾರ. ಬಾಟ್ಲಿ ಇಳಿಸಿದಾಗಿನಿಂದ ಎಣಿಸಬೇಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದಾಗಲೂ ಅಲ್ಲ. ಇಡೀ ನೀರು ಕೊತಕೊತ ಕುದಿಯಬೇಕು, ಸೌಟಿನಿಂದ ಕಲಕಿದರೂ ಕುದಿ ನಿಲ್ಲಬಾರದು. ಆ ಕ್ಷಣದಿಂದ 20 ನಿಮಿಷ. ಫೋನಿನಲ್ಲಿ ಅಲಾರಂ ಇಟ್ಟುಬಿಡಿ.

ನಡುವೆ ನೀರು ಇಂಗಿ ಮುಚ್ಚಳ ಹೊರಗೆ ಕಂಡರೆ ಕುದಿಯುವ ನೀರನ್ನೇ ಸೇರಿಸಿ. ಕುದಿ ನಿಂತುಹೋದರೆ, ಮತ್ತೆ ಕೊತಕೊತ ಬಂದ ಮೇಲೆ 20 ನಿಮಿಷ ಮೊದಲಿನಿಂದ ಎಣಿಸಬೇಕು. ಇದನ್ನು ಓದಿ ಬೇಜಾರಾಗುತ್ತದೆ ಅಂತ ಗೊತ್ತು. ಆದರೂ ಉಳಿದ ಎಂಟು ನಿಮಿಷ ಸೇರಿಸಿದರೆ ಸಾಕು ಅನ್ನುವ ಲೆಕ್ಕ ನಡೆಯಲ್ಲ. ತಣಿದ ಬಾಟ್ಲಿಯ ನಡುಭಾಗ ಮತ್ತೆ ಕಾಯಲು ಹೊತ್ತು ಬೇಕು.

ಹಂತ 9: ತೆಗೆದು ಆರಲು ಬಿಡುವುದು

ಒಲೆ ಆರಿಸಿ, ತಟ್ಟೆ ತೆಗೆದು 5 ನಿಮಿಷ ಸುಮ್ಮನಿರಿ. ಬಾಟ್ಲಿ ಎತ್ತುವ ವಿಶೇಷ ಇಕ್ಕಳ ಆನ್‌ಲೈನಿನಲ್ಲಿ ಸಿಗುತ್ತದೆ. ಅಡುಗೆಮನೆಯ ಸಾಮಾನ್ಯ ಇಕ್ಕಳ ಜಾರುತ್ತದೆ, ನೆಚ್ಚಿಕೊಳ್ಳಬೇಡಿ. ಅದು ಇಲ್ಲವಾದರೆ ಬಾಟ್ಲಿಯ ಕತ್ತು ಕಾಣುವ ತನಕ ಸೌಟಿನಲ್ಲಿ ನೀರು ತೆಗೆದು, ಒಣಗಿದ ದಪ್ಪ ಬಟ್ಟೆಯಲ್ಲಿ ಕತ್ತು ಹಿಡಿದು ನೆಟ್ಟಗೆ ಎತ್ತಿ. ವಾಲಿಸಿ ಮೇಲಿನ ನೀರು ಚೆಲ್ಲುವುದು ಬೇಡ, ತಾನಾಗಿ ಆರುತ್ತದೆ.

ಮಡಚಿದ ಬಟ್ಟೆಯ ಮೇಲೆ, ನಡುವೆ ಮೂರು ಬೆರಳು ಜಾಗ ಬಿಟ್ಟು ಇಡಿ. ಮೇಲೆ ಫ್ಯಾನ್ ತಿರುಗುತ್ತಿರಬಾರದು. 12ರಿಂದ 24 ಗಂಟೆ ಮುಟ್ಟಬೇಡಿ. ಒಂದೊಂದಾಗಿ ಟಕ್ ಟಕ್ ಅಂತ ಮುಚ್ಚಳದ ಗುಂಡಿ ಒಳಗೆ ಇಳಿಯುವ ಸದ್ದು ಕೇಳುತ್ತದೆ.

ಈ ಹಂತದಲ್ಲಿ ಇಬ್ಬರು ಕೆಲಸ ಕೆಡಿಸುತ್ತಾರೆ. ಒಬ್ಬರು "ಸಡಿಲ ಆಗಿದೆಯೇನೋ" ಅಂತ ಮುಚ್ಚಳವನ್ನು ಮತ್ತೆ ಬಿಗಿಯುವವರು. ಆಗತಾನೇ ಹಿಡಿಯುತ್ತಿದ್ದ ಅಂಟು ಅಲ್ಲಿಗೆ ಬಿಟ್ಟುಹೋಗುತ್ತದೆ. ಇನ್ನೊಬ್ಬರು ಬಾಟ್ಲಿಯನ್ನು ತಲೆಕೆಳಗು ಮಾಡುವವರು. ಹಾಗೆ ಮಾಡಿದರೂ ಮುಚ್ಚಳ ಹಿಡಿದಂತೆ ಕಾಣುತ್ತದೆ ನಿಜ, ಆದರೆ ಗಟ್ಟಿಯಾಗಿ ಹಿಡಿದಿರುವುದಿಲ್ಲ.

ಹಂತ 10: ಪರೀಕ್ಷೆ, ಚೀಟಿ, ಜಾಗ

ಮಾರನೇ ದಿನ ಮುಚ್ಚಳದ ನಡುವೆ ಒತ್ತಿ. ಒಳಗೆ ಬಾಗಿ ಅಲುಗಾಡದೆ ಇದ್ದರೆ ಹಿಡಿದಿದೆ. ಟಿಕ್ ಟಿಕ್ ಅಂತ ಕೆಳಗೆ ಮೇಲೆ ಆಡಿದರೆ ಹಿಡಿದಿಲ್ಲ. ಹಿಡಿಯದ ಬಾಟ್ಲಿಯನ್ನು 24 ಗಂಟೆಯೊಳಗೆ ಹೊಸ ಮುಚ್ಚಳ ಹಾಕಿ, ಹೋಳನ್ನು ಮತ್ತೆ ಕಾಯಿಸಿ, ಮತ್ತೆ 20 ನಿಮಿಷ ಕುದಿಸಬಹುದು. ಹೋಳು ಮೆತ್ತಗಾಗುತ್ತದೆ. ನನ್ನ ಮಾತು ಕೇಳಿದರೆ, ಫ್ರಿಜ್‌ನಲ್ಲಿಟ್ಟು ಆ ವಾರವೇ ತಿಂದು ಮುಗಿಸಿ.

ಹಿಡಿದವನ್ನು ಹೊರಗೆ ತೊಳೆದು ಒರೆಸಿ, ತಾರೀಖು ಬರೆದ ಚೀಟಿ ಅಂಟಿಸಿ. ಶೀಟಿನ ಮನೆಯಲ್ಲಿ ಅಟ್ಟದ ಮೇಲೆ ಇಡಬೇಡಿ, ಏಪ್ರಿಲ್ ಬಿಸಿಗೆ ಅಲ್ಲಿ ಏನೂ ನಿಲ್ಲಲ್ಲ. ನೆಲಮಟ್ಟದ ಕಪಾಟು, ಕತ್ತಲು, ಒಲೆಯಿಂದ ದೂರ. ಒಂದರ ಮೇಲೊಂದು ಪೇರಿಸುವುದೂ ಬೇಡ, ಕೆಳಗಿನ ಮುಚ್ಚಳ ಬಿಟ್ಟಿದ್ದರೂ ಮೇಲಿನ ಭಾರಕ್ಕೆ ಗೊತ್ತಾಗಲ್ಲ. ಮುಂದಿನ ಮಾವಿನ ಸುಗ್ಗಿಯೊಳಗೆ ಖಾಲಿ ಮಾಡಿ. ತೆರೆದ ಮೇಲೆ ಫ್ರಿಜ್‌ನಲ್ಲಿ ಇಡಿ, ನಾಲ್ಕೈದು ದಿನದಲ್ಲಿ ಮುಗಿಸಿ.

ಹೆದರಬೇಕಾದ ಚಿಹ್ನೆ, ಹೆದರಬೇಕಿಲ್ಲದ ಚಿಹ್ನೆ

ಮೇಲಿನ ಒಂದೆರಡು ಹೋಳು ಕಂದು ತಿರುಗಿದರೆ ಅದು ಖಾಲಿ ಜಾಗದ ಗಾಳಿಯ ಕೆಲಸ. ಹೋಳು ತೇಲಿದರೆ ಪಾಕ ಗಟ್ಟಿಯಾಗಿತ್ತು ಅಂತ ಅರ್ಥ. ಕುದಿಸಿ ತೆಗೆದ ಮೇಲೆ ಸಕ್ಕರೆ ನೀರಿನ ಮಟ್ಟ ಇಳಿದಿದ್ದರೆ, ತುಂಬಿದ್ದು ಜಾಸ್ತಿ ಆಗಿತ್ತು ಅಥವಾ ಬಿಸಿ ಸರ್ರನೆ ಇಳಿದಿತ್ತು. ಮುಚ್ಚಳ ಹಿಡಿದಿದ್ದರೆ ಇವುಗಳಿಂದ ಅಪಾಯ ಇಲ್ಲ. ಮಟ್ಟ ಸರಿಮಾಡಲು ಅಂತ ಮುಚ್ಚಳ ತೆಗೆಯಬೇಡಿ. ಅರ್ಧಕ್ಕಿಂತ ಜಾಸ್ತಿ ನೀರು ಹೋಗಿದ್ದರೆ ಮಾತ್ರ ಅದನ್ನು ಫ್ರಿಜ್‌ಗೆ ಹಾಕಿ.

ಇವನ್ನು ಕಂಡರೆ ಬಾಟ್ಲಿ ಆಚೆಗೆ: ಮುಚ್ಚಳ ಉಬ್ಬಿರುವುದು, ಬದಿಯಲ್ಲಿ ಜಿನುಗು, ಇಟ್ಟಲ್ಲೇ ಗುಳ್ಳೆ ಏಳುವುದು, ತಿಳಿಯಾಗಿದ್ದ ಸಕ್ಕರೆ ನೀರು ಕದಡಿದ್ದು, ತೆರೆದಾಗ ಚಿಮ್ಮುವುದು, ಹೆಂಡದಂಥ ವಾಸನೆ, ಒಳಗೆ ಎಲ್ಲಿಯಾದರೂ ಬೂಷ್ಟು. ಬೂಷ್ಟು ತೆಗೆದು ಕೆಳಗಿನದು ತಿನ್ನೋಣ ಅನ್ನಬೇಡಿ. ಬೂಷ್ಟು ಹುಳಿಯನ್ನು ತಿಂದು ಕಡಿಮೆ ಮಾಡುತ್ತದೆ, ಆಮೇಲೆ ಬಾಟುಲಿನಮ್‌ಗೆ ದಾರಿ ಸಿಗುತ್ತದೆ. ನಿಂಬೆ ಉಪ್ಪು ಹಾಕಿದ್ದು ನೆನಪಿಲ್ಲದ ಬಾಟ್ಲಿಯೂ ಇದೇ ಸಾಲಿಗೆ.

ನಾಲಿಗೆ ತುದಿಗೆ ಹಚ್ಚಿ ನೋಡುವ ಅಭ್ಯಾಸ ಇಲ್ಲಿ ಬೇಡ. ಹಸುವಿನ ಮುಂದೆ ಸುರಿಯಬೇಡಿ, ಕೋಳಿಗೂ ಹಾಕಬೇಡಿ. ಮುಚ್ಚಳ ಸಮೇತ ದಪ್ಪ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕೈ, ಕಟ್ಟೆ ಎರಡನ್ನೂ ತೊಳೆಯಿರಿ. ಬಾಟ್ಲಿಯ ಹೋಳು ತಿಂದವರಿಗೆ ಕೆಲವು ಗಂಟೆಯಿಂದ ಕೆಲವು ದಿನದೊಳಗೆ ಕಣ್ಣಿಗೆ ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಕೈಕಾಲು ಸೋಲುವುದು ಶುರುವಾದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ, ತಿಂದದ್ದು ಏನು ಅಂತ ಹೇಳಿ.

ಬೇರೆ ಹಣ್ಣಿಗೆ ಇದೇ ಲೆಕ್ಕ ಆಗುತ್ತಾ?

ಅನಾನಸ್ ಆಗುತ್ತದೆ. ಅದು ಸ್ವಭಾವದಲ್ಲೇ ಹುಳಿ. ಹೋಳು ಸಣ್ಣ ಉರಿಯಲ್ಲಿ 10 ನಿಮಿಷ ಬೆಂದ ಮೇಲೆ ತುಂಬಿ, ಅರ್ಧ ಲೀಟರ್ ಬಾಟ್ಲಿಗೆ ನಮ್ಮಲ್ಲಿ 20 ನಿಮಿಷ.

ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಇಡಿಯಾಗಿ ಹಾಕಬೇಡಿ, ಬೀಜ ಜಾಸ್ತಿ, ಸಿಪ್ಪೆ ದಪ್ಪ. ರಸ ಮಾಡಿ. ಮೆತ್ತಗೆ ಬೇಯಿಸಿ ಸೋಸಿ, ಒಂದು ರಾತ್ರಿಗಿಂತ ಜಾಸ್ತಿ ಫ್ರಿಜ್‌ನಲ್ಲಿ ಬಿಟ್ಟರೆ ತಳದಲ್ಲಿ ಹರಳು ಕೂರುತ್ತದೆ. ತಿಳಿಯನ್ನು ಮಾತ್ರ ಬಗ್ಗಿಸಿ, ಕಾಯಿಸಿ, ತುಂಬಿ, 10 ನಿಮಿಷ ಕುದಿಸಿ.

ಟೊಮೆಟೊ ಬೆಲೆ ಬಿದ್ದಾಗ ಎಲ್ಲರೂ ಕೇಳುವುದೂ ಇದನ್ನೇ. ಮಾಡಬಹುದು, ಆದರೆ ಟೊಮೆಟೊ ಹುಳಿಯ ಗಡಿಯಲ್ಲೇ ನಿಂತ ಹಣ್ಣು. ಸಿಪ್ಪೆ ತೆಗೆದು, ಜಜ್ಜಿ, ಕುದಿಸಿ, ಬಾಟ್ಲಿಗೆ ಅದೇ ಕಾಲು ಚಮಚ ನಿಂಬೆ ಉಪ್ಪು ಹಾಕಿ, 45 ನಿಮಿಷ ಕುದಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಸೇರಿಸಿ ಗೊಜ್ಜು ಮಾಡಿ ತುಂಬಬೇಡಿ. ತೆರೆದ ದಿನ ಒಗ್ಗರಣೆ ಹಾಕಿಕೊಳ್ಳಿ.

ಹಲಸು, ಬಾಳೆ, ಸಪೋಟ, ಕಲ್ಲಂಗಡಿ ಬೇಡ. ಇವುಗಳಲ್ಲಿ ಹುಳಿ ಸಾಲದು, ಬರೀ ಕುದಿಯುವ ನೀರಿಗೆ ಇವು ಬಗ್ಗಲ್ಲ. ತುಮಕೂರು ಕಡೆಯ ಕೆಂಪು ಹಲಸಿನ ತೊಳೆಯನ್ನು ಗಾಜಿನಲ್ಲಿ ನೋಡುವ ಆಸೆ ನನಗೂ ಇದೆ. ಬೀಜ ತೆಗೆದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, ಫ್ರೀಜರಿನಲ್ಲಿ ಗಟ್ಟಿಯಾದ ಮೇಲೆ ಕವರಿಗೆ ತುಂಬಿಡಿ.